ಹೊಲದ ಮುಂದೆ ಪೈಪು ಹೋದರೆ ಹೊಲವೂ ದುಡ್ಡು ಕಟ್ಟಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಒಂದು ಸಣ್ಣ ಟೌನ್‌ನ ಅಂಚಿನಲ್ಲಿದ್ದೇವೆ. ಆರು ವರ್ಷದ ಹಿಂದೆ 42 ಎಕರೆ ಜಮೀನು ಕೊಂಡೆವು. ಅದರಲ್ಲಿ 36 ಎಕರೆಯನ್ನು ಪಕ್ಕದ ಡೈರಿಯವರು ಗುತ್ತಿಗೆಗೆ ಮಾಡುತ್ತಾರೆ. ಮೆಕ್ಕೆಜೋಳ, ಹುಲ್ಲು ಬೆಳೆಯುತ್ತಾರೆ. ಉಳಿದದ್ದರಲ್ಲಿ ನಮ್ಮ ಮನೆ, ಒಂದು ಹಳೇ ಕೊಟ್ಟಿಗೆ, ನಮ್ಮ ಯಜಮಾನರು ಮರಗೆಲಸ ಮಾಡುವ ಶೆಡ್, ಸ್ವಲ್ಪ ಕಾಡು. ಹೋದ ವಾರ ಟೌನ್‌ನಿಂದ ಪತ್ರ ಬಂತು. ನಮ್ಮ ರಸ್ತೆಗೆ ಹೊಸದಾಗಿ ನೀರು ಮತ್ತು ಒಳಚರಂಡಿ ಪೈಪು ಹಾಕುತ್ತಾರಂತೆ. ನಕ್ಷೆಯಲ್ಲಿ ನಮ್ಮ ಪೂರ್ತಿ ಜಮೀನು ಒಳಗೆ ಸೇರಿದೆ. ರಸ್ತೆ ಬದಿಗೆ 1,100 ಅಡಿ ಇದೆ, ಆ ಅಡಿ ಲೆಕ್ಕದಲ್ಲಿ ವರ್ಷ ವರ್ಷ ಹಣ ಕಟ್ಟಬೇಕು ಎಂದು ಬರೆದಿದ್ದಾರೆ. ಹೊಲಕ್ಕೆ ಒಳಚರಂಡಿ ಯಾಕೆ ಸರ್? ನಮಗೆ ಕೃಷಿ ಜಮೀನಿನ ತೆರಿಗೆ ರಿಯಾಯಿತಿ ಇದೆ, ಹಾಗಾಗಿ ಒಂದು ಡಾಲರೂ ಕೊಡಬೇಕಿಲ್ಲ ಅಂತ ಒಬ್ಬ ಸ್ನೇಹಿತರು ಹೇಳಿದರು. ಪೈಪು ಮುಂದೆ ಹೋದರೆ ಎಲ್ಲರೂ ಕಟ್ಟಲೇಬೇಕು ಅಂತ ಇನ್ನೊಬ್ಬರು. ಮಿನ್ನೆಸೋಟಾದಲ್ಲಿರುವ ನಮ್ಮ ಭಾವ, ಈಗ ಮುಂದೂಡಬಹುದು, ಆಮೇಲೆ ಬಡ್ಡಿ ಸೇರಿಸಿ ಕೇಳುತ್ತಾರೆ ಅಂದರು. ಯಾರ ಮಾತು ಸರಿ? ಮುಂದಿನ ತಿಂಗಳು ಪಬ್ಲಿಕ್ ಹಿಯರಿಂಗ್, ಅಂದರೆ ಜನರ ಅಹವಾಲು ಕೇಳುವ ಸಭೆ ಇದೆ. ಅಲ್ಲಿ ಏನು ಹೇಳಬೇಕು? ಸುಮ್ನೆ ಮಾರಿಬಿಡೋಣ ಅಂತಲೂ ಅನಿಸುತ್ತಿದೆ.

ಉತ್ತರ: ನಮಸ್ಕಾರ ಮೇಡಂ. ಮಾರುವ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ನಿಮ್ಮ ಪತ್ರ ಓದಿದರೆ, ಹಣಕ್ಕಿಂತ ಜಾಸ್ತಿ ನಿಮ್ಮನ್ನು ಕಾಡುತ್ತಿರುವುದು ಇದು ನ್ಯಾಯವೇ ಎನ್ನುವ ಪ್ರಶ್ನೆ ಅನಿಸಿತು. ಜೋಳ ಬೆಳೆಯುವ ನೆಲ ನಲ್ಲಿ ತಿರುಗಿಸುವುದಿಲ್ಲ. ಅದಕ್ಕೆ ಯಾಕೆ ಬಿಲ್ಲು? ನಾನು ಸಣ್ಣ ಟೌನ್‌ಗಳ ನೀರು, ಒಳಚರಂಡಿ ಯೋಜನೆಗಳಲ್ಲಿ ಎಂಜಿನಿಯರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು. ಈ ಪ್ರಶ್ನೆಯನ್ನು ಹಿಯರಿಂಗ್‌ಗಳಲ್ಲಿ ಎಷ್ಟೋ ರೈತರ ಬಾಯಲ್ಲಿ ಕೇಳಿದ್ದೇನೆ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ನೇರ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ನಿಮ್ಮ 36 ಎಕರೆ ರಾಜ್ಯದ ಕೃಷಿ ವಲಯದೊಳಗೆ ಇದ್ದರೆ, ಆ ಹೊಲದ ಮೇಲೆ ಈ ಯೋಜನೆಯ ಹಣ ಹಾಕುವಂತಿಲ್ಲ, ಅಂದರೆ ಹೊಲದ ಲೆಕ್ಕದಲ್ಲಿ ನಿಮ್ಮಿಂದ ವಸೂಲು ಮಾಡುವಂತಿಲ್ಲ. ನಿಮ್ಮ ಮನೆಯ ಮೇಲೆ ಹಾಕಬಹುದು. ಶೆಡ್ ಮೇಲೂ ಬರಬಹುದು. ಕೃಷಿ ವಲಯದೊಳಗೆ ಇಲ್ಲದಿದ್ದರೆ ಕಥೆಯೇ ಬೇರೆ. ನಿಮ್ಮ ಪತ್ರದಲ್ಲಿ ಇಲ್ಲದ ಮಾಹಿತಿ ಇದೊಂದೇ. ಎಲ್ಲ ನಿಂತಿರುವುದೂ ಇದರ ಮೇಲೆಯೇ.

ಕೃಷಿ ವಲಯ ಎಂದರೆ ಇಂಗ್ಲಿಷಿನವರು ಅಗ್ರಿಕಲ್ಚರಲ್ ಡಿಸ್ಟ್ರಿಕ್ಟ್ ಅನ್ನುತ್ತಾರಲ್ಲ, ಅದು. ಬೇಸಾಯ ಉಳಿಯಲಿ ಎಂದು ಗುರುತಿಸಿದ ಪ್ರದೇಶ. ನ್ಯೂಯಾರ್ಕ್ 1971ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಟೌನ್ ಹಾಕುವ ನೀರಿನ ಡಿಸ್ಟ್ರಿಕ್ಟ್, ಅಂದರೆ ಪೈಪಿನ ಖರ್ಚು ಹೊರುವ ಆಸ್ತಿಗಳ ಪ್ರದೇಶ, ಬೇರೆ, ಇದು ಬೇರೆ. ಎರಡಕ್ಕೂ ಡಿಸ್ಟ್ರಿಕ್ಟ್ ಎಂಬ ಹೆಸರಿರುವುದರಿಂದ ಹಿಯರಿಂಗ್‌ನಲ್ಲಿ ಅರ್ಧ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅದಕ್ಕೇ ನಾನು ಒಂದನ್ನು ಕೃಷಿ ವಲಯ, ಇನ್ನೊಂದನ್ನು ನೀರಿನ ಡಿಸ್ಟ್ರಿಕ್ಟ್ ಎಂದು ಕರೆಯುತ್ತೇನೆ.

ಟೌನ್‌ನವರು ಹೊಲಕ್ಕೆ ಯಾಕೆ ಹಣ ಹಾಕಲು ನೋಡುತ್ತಾರೆ? ಅವರಿಗೆ ರೈತರ ಮೇಲೆ ದ್ವೇಷವಿಲ್ಲ. ಪೈಪಿನ ಲೆಕ್ಕ ಹಾಗಿದೆ. ಪೇಟೆಯೊಳಗೆ ಸಾವಿರ ಅಡಿ ಪೈಪು ಹಾಕಿದರೆ ಎರಡೂ ಬದಿ ಸೇರಿ ಇಪ್ಪತ್ತು ಮೂವತ್ತು ಮನೆ ಸಿಗುತ್ತವೆ. ನಿಮ್ಮ ರಸ್ತೆಯಲ್ಲಿ ಅದೇ ಸಾವಿರ ಅಡಿಗೆ ಒಂದೋ ಎರಡೋ ಮನೆ. ಅಗೆಯುವ ಖರ್ಚು, ಪೈಪಿನ ಖರ್ಚು ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಈ ಕೆಲಸಕ್ಕೆ ಟೌನ್ ಸಾಲ ಎತ್ತುತ್ತದೆ. ಸಾಮಾನ್ಯವಾಗಿ 30ರಿಂದ 40 ವರ್ಷದ ಸಾಲ. ಕಂತು ಯಾರ ಮೇಲೆ ಹಾಕುವುದು? ಇರುವ ಮನೆಗಳ ಮೇಲೆ ಮಾತ್ರ ಹಾಕಿದರೆ ಒಬ್ಬೊಬ್ಬರಿಗೂ ಹೊರೆ ಜಾಸ್ತಿ. ಹಾಗಾಗಿ ನಕ್ಷೆ ಮಾಡುವಾಗ ರಸ್ತೆ ಬದಿಯ ದೊಡ್ಡ ಹೊಲಗಳನ್ನು ಒಳಗೆ ಎಳೆದುಕೊಳ್ಳುವ ಆಸೆ ಹುಟ್ಟುತ್ತದೆ. ಒಂದು ಮನೆಗೆ ನೂರು ಅಡಿ ಎಂದಿಟ್ಟುಕೊಂಡು ಅಡಿ ಲೆಕ್ಕ ಹಾಕಿದರೆ 1,100 ಅಡಿಯ ನೀವು ಹನ್ನೊಂದು ಮನೆಯವರು ಕಟ್ಟುವಷ್ಟು ಕಟ್ಟುತ್ತೀರಿ, ಆದರೆ ಒಂದೇ ಮನೆಯ ನೀರು ಬಳಸುತ್ತೀರಿ.

ನಿಮ್ಮ ರಸ್ತೆಯ ಮನೆಯವರ ಕಡೆಯಿಂದಲೂ ಒಮ್ಮೆ ನೋಡಿ. ಅವರಲ್ಲಿ ಯಾರದೋ ಬಾವಿಯ ನೀರು ಕೆಟ್ಟಿರಬಹುದು, ಯಾರದೋ ಸೆಪ್ಟಿಕ್ ಟ್ಯಾಂಕ್ ಉಕ್ಕುತ್ತಿರಬಹುದು. ಯೋಜನೆ ಬಂದಿರುವುದು ಬಹುಶಃ ಅದಕ್ಕೇ. ಹಿಯರಿಂಗ್‌ನಲ್ಲಿ ನೀವು ಎದ್ದು ನಿಂತಾಗ ನಿಮ್ಮನ್ನು ದಿಟ್ಟಿಸಿ ನೋಡುವವರು ಅವರೇ. ಹೊಲಗಳು ಹೊರಗುಳಿದರೆ ತಮ್ಮ ಕಂತು ಏರುತ್ತದೆ ಎಂಬ ಅವರ ಭಯ ಸುಳ್ಳಲ್ಲ.

ಆದರೂ ಹಣ ಹಾಕುವುದಕ್ಕೆ ಒಂದು ಹಳೆಯ ಕಟ್ಟಳೆ ಇದೆ. ಯಾರಿಗೆ ವಿಶೇಷ ಅನುಕೂಲ ಆಗುತ್ತದೋ ಅವರಿಂದ, ಆ ಅನುಕೂಲದ ಮಟ್ಟಕ್ಕೆ ಮಾತ್ರ ವಸೂಲು ಮಾಡಬೇಕು. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ನಾರ್ವುಡ್ ವಿರುದ್ಧ ಬೇಕರ್ ಎಂಬ ಪ್ರಕರಣ ಬಂತು. ಒಹಾಯೊದ ನಾರ್ವುಡ್ ಎಂಬ ಊರಿನವರು ರಸ್ತೆ ಮಾಡಲು ಒಬ್ಬ ಹೆಂಗಸಿನ ಜಮೀನಿನ ನಡುವೆ ಒಂದು ಪಟ್ಟಿ ತೆಗೆದುಕೊಂಡರು. ಅದಕ್ಕೆ 2,000 ಡಾಲರ್ ಪರಿಹಾರ ನಿಗದಿಯಾಯಿತು. ಆಮೇಲೆ ಆ 2,000ವನ್ನೂ, ಕೇಸಿನ ಖರ್ಚನ್ನೂ ಸೇರಿಸಿ, ಅದೇ ಹೆಂಗಸಿನ ಉಳಿದ ಜಮೀನಿನ ಮೇಲೆ ಅಡಿ ಲೆಕ್ಕದಲ್ಲಿ ಹಾಕಿದರು! ಕೊಟ್ಟದ್ದನ್ನು ಮತ್ತೆ ಕಿತ್ತುಕೊಂಡ ಹಾಗೆ. ಸಿಕ್ಕ ಅನುಕೂಲಕ್ಕಿಂತ ಬಹಳ ಮೀರಿ ವಸೂಲು ಮಾಡಿದರೆ ಅದು ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಂಡಂತೆ ಎಂದು ಕೋರ್ಟ್ ಹೇಳಿತು. ಹಾಗಂತ ಅಡಿ ಲೆಕ್ಕವೇ ತಪ್ಪು ಎಂದು ಹಿಯರಿಂಗ್‌ನಲ್ಲಿ ವಾದ ಮಾಡಬೇಡಿ. ಮೂರೇ ವರ್ಷದ ನಂತರ, 1901ರಲ್ಲಿ, ಕಾನ್ಸಾಸ್ ಸಿಟಿಯ ಒಂದು ರಸ್ತೆ ಕೆಲಸದ ಪ್ರಕರಣದಲ್ಲಿ ಅದೇ ಕೋರ್ಟ್ ಅಡಿ ಲೆಕ್ಕವನ್ನು ಒಪ್ಪಿತು. ಬರೀ ನ್ಯಾಯದ ಮಾತಿನಿಂದ ಗೆಲ್ಲುವುದು ಕಷ್ಟ. ಅದಕ್ಕೇ ರಾಜ್ಯಗಳು ಹೊಲಗಳಿಗೆ ಬೇರೆಯೇ ರಕ್ಷಣೆ ಬರೆದುಕೊಂಡವು.

ಈಗ ನಿಮಗೆ ಬಂದ ಮೂರು ಸಲಹೆಗಳನ್ನು ನೋಡೋಣ.

ತೆರಿಗೆ ರಿಯಾಯಿತಿ ಇದ್ದರೆ ಸಾಕು ಎಂದ ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. ಅರ್ಧ ಸರಿಯಾದ ಮಾತು ಜಾಸ್ತಿ ಅಪಾಯ, ಯಾಕೆಂದರೆ ಅದನ್ನು ನಂಬಿ ಸುಮ್ಮನೆ ಕೂರುತ್ತೀರಿ. ತೆರಿಗೆ ರಿಯಾಯಿತಿ ಸಿಗಲು ಎರಡು ದಾರಿ ಇವೆ. ಜಮೀನು ಕೃಷಿ ವಲಯದೊಳಗಿದ್ದರೆ ಅರ್ಜಿ ಹಾಕಿ ಪಡೆಯುವುದು ಒಂದು. ವಲಯದ ಹೊರಗಿದ್ದರೂ, ಎಂಟು ವರ್ಷ ಕೃಷಿಗೇ ಬಳಸುತ್ತೇನೆ ಎಂದು ಬರೆದುಕೊಟ್ಟು ಪಡೆಯುವುದು ಇನ್ನೊಂದು. ತೆರಿಗೆಗೆ ಆಸ್ತಿಯ ಬೆಲೆ ಕಟ್ಟುವ ಅಸೆಸರ್ ಹತ್ತಿರ ನೀವು ಎಂಟು ವರ್ಷದ ಕಾಗದಕ್ಕೆ ಸಹಿ ಹಾಕಿದ ನೆನಪಿದ್ದರೆ, ನೀವು ವಲಯದ ಹೊರಗಿರುವ ಸಾಧ್ಯತೆ ಜಾಸ್ತಿ. ನೀರು, ಒಳಚರಂಡಿ ಹಣದಿಂದ ರಕ್ಷಣೆ ಕೊಡುವ ನಿಯಮ ರಾಜ್ಯದ ಅಗ್ರಿಕಲ್ಚರ್ ಅಂಡ್ ಮಾರ್ಕೆಟ್ಸ್ ಕಾನೂನಿನ 305ನೇ ಸೆಕ್ಷನ್, 5ನೇ ಉಪವಿಭಾಗದಲ್ಲಿದೆ. ಅದು ಮಾತಾಡುವುದು ಕೃಷಿ ವಲಯದೊಳಗಿನ ಜಮೀನಿನ ಬಗ್ಗೆ. ರಿಯಾಯಿತಿಯ ಕಾಗದ ತೋರಿಸಿದ ಮಾತ್ರಕ್ಕೆ ಈ ರಕ್ಷಣೆ ಬರುವುದಿಲ್ಲ.

ಎಲ್ಲರೂ ಕಟ್ಟಲೇಬೇಕು ಎಂದವರ ಮಾತು ವಲಯದೊಳಗಿನ ಹೊಲಕ್ಕೆ ತಪ್ಪು. ಅಲ್ಲಿ ಮುಖ್ಯವಾಗಿ ಬೇಸಾಯಕ್ಕೆ ಬಳಸುವ ಜಮೀನಿನ ಮೇಲೆ ನೀರು, ಒಳಚರಂಡಿ, ಬೀದಿದೀಪದಂಥ ಕೆಲಸದ ಹಣವನ್ನು ಅಡಿ ಲೆಕ್ಕವೋ ಎಕರೆ ಲೆಕ್ಕವೋ ಬೆಲೆ ಲೆಕ್ಕವೋ, ಯಾವ ಲೆಕ್ಕದಲ್ಲೂ ಹಾಕುವಂತಿಲ್ಲ.

ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಅದು ಅವರ ರಾಜ್ಯದ ಮಾತು. ಮಿನ್ನೆಸೋಟಾದಲ್ಲಿ ಗ್ರೀನ್ ಏಕರ್ಸ್ ಎಂಬ ಕಾನೂನಿದೆ. ಅದರಡಿ ಹೊಲದ ಮೇಲೆ ಹಣ ಹಾಕುತ್ತಾರೆ, ಆದರೆ ವಸೂಲಿಯನ್ನು ಮುಂದೂಡುತ್ತಾರೆ. ಜಮೀನು ಕೃಷಿ ಬಿಟ್ಟ ದಿನ ಬಡ್ಡಿ ಸಮೇತ ಬಾಕಿ ಎದುರು ಬರುತ್ತದೆ. ನ್ಯೂಯಾರ್ಕ್‌ನ ವಲಯದೊಳಗೆ ಹಣ ಹಾಕುವುದೇ ಇಲ್ಲ, ಆದ್ದರಿಂದ ಮುಂದೂಡುವ ಮಾತೂ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ಇದು ಇಷ್ಟು ಬದಲಾಗುತ್ತದೆ. ನಮ್ಮ ಜನ ವಾಟ್ಸಾಪ್ ಗುಂಪುಗಳಲ್ಲಿ ಬೇರೆ ಬೇರೆ ರಾಜ್ಯದಿಂದ ಸಲಹೆ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಈ ವಿಷಯದಲ್ಲಿ ರಾಜ್ಯದ ಗಡಿ ದಾಟಿದ ಸಲಹೆ ಕೆಲಸಕ್ಕೆ ಬರುವುದಿಲ್ಲ.

ಈಗ ನಾನು ಬಹಳ ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಆ ಉಪವಿಭಾಗದ ಕೊನೆಯಲ್ಲಿ ಒಂದು ಸಾಲಿದೆ. ಕೃಷಿ ವಲಯ ಆಗುವ ಮೊದಲೇ ಹಣ ಹಾಕಿದ್ದರೆ, ಅದು ಮುಂದುವರಿಯುತ್ತದೆ. ಅಂದರೆ ಯಾವುದು ಮೊದಲು ಆಯಿತು ಎನ್ನುವುದೇ ಇಲ್ಲಿ ನಿರ್ಣಾಯಕ. ಒಂದು ಊರಿನ ಕುಟುಂಬ ನನಗೆ ಇವತ್ತಿಗೂ ಮರೆತಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯುವವರು. ಪತ್ರ ಬಂದಾಗ, ನಮ್ಮದು ಹೊಲ, ನಮಗೆ ಅನ್ವಯಿಸುವುದಿಲ್ಲ ಅಂದುಕೊಂಡು ಹಿಯರಿಂಗ್‌ಗೆ ಬರಲಿಲ್ಲ. ಅವರ ಜಮೀನು ವಲಯದಲ್ಲಿರಲಿಲ್ಲ. ಬಿಲ್ಲು ಬಂದ ಮೇಲೆ ಓಡಿ ಹೋಗಿ ವಲಯಕ್ಕೆ ಸೇರಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ನಕ್ಷೆ ಮಾಡಿದ ತಂಡದಲ್ಲಿ ನಾನಿದ್ದೆ. ಫೋನ್ ಮಾಡಿ ಒಂದು ಮಾತು ಹೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಹಾಗಾಗಿ ಈ ವಾರವೇ ಕೌಂಟಿಯ ಯೋಜನಾ ಕಚೇರಿಗೆ ಫೋನ್ ಮಾಡಿ. ತೆರಿಗೆ ಬಿಲ್ಲಿನಲ್ಲಿರುವ ಪಾರ್ಸೆಲ್ ನಂಬರ್, ಅಂದರೆ ಜಮೀನಿನ ತುಂಡಿನ ಗುರುತು ಸಂಖ್ಯೆ ಕೊಟ್ಟು, ಈ ಜಮೀನು ಯಾವ ಕೃಷಿ ವಲಯದಲ್ಲಿದೆ, ಯಾವ ವರ್ಷದಿಂದ ಇದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ಪಾರ್ಸೆಲ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕೇಳಿ. ಒಂದು ಒಳಗೆ, ಪಕ್ಕದ್ದು ಹೊರಗೆ ಇರುವುದನ್ನು ನಾನು ನೋಡಿದ್ದೇನೆ.

ಹೊರಗಿದ್ದರೆ? ಪ್ರತಿ ಕೌಂಟಿಯಲ್ಲೂ ವರ್ಷಕ್ಕೊಮ್ಮೆ 30 ದಿನದ ಅವಕಾಶ ಇರುತ್ತದೆ. ಆ ದಿನಗಳಲ್ಲಿ ಜಮೀನನ್ನು ವಲಯಕ್ಕೆ ಸೇರಿಸಿ ಎಂದು ಅರ್ಜಿ ಕೊಡಬಹುದು. ಯಾವ ತಿಂಗಳು ಎನ್ನುವುದು ಕೌಂಟಿಯಿಂದ ಕೌಂಟಿಗೆ ಬೇರೆ. ಅರ್ಜಿ ಕೊಟ್ಟ ಕೂಡಲೇ ಆಗುವುದಿಲ್ಲ. ಕೌಂಟಿಯ ಕೃಷಿ ಮಂಡಳಿ ನೋಡಬೇಕು, ಕೌಂಟಿ ಸಭೆ ಒಪ್ಪಬೇಕು, ಕೊನೆಗೆ ರಾಜ್ಯದ ಕೃಷಿ ಕಮಿಷನರ್ ಪ್ರಮಾಣೀಕರಿಸಬೇಕು. ಅಷ್ಟರಲ್ಲಿ ಟೌನ್ ಹಣ ಹಾಕಿಬಿಟ್ಟರೆ ಆ ಕೊನೆಯ ಸಾಲು ನಿಮಗೆ ತಿರುಗಿ ಬೀಳಬಹುದು. ಆಗ ನಿಮ್ಮ ಮುಂದಿರುವ ಒಳ್ಳೆಯ ದಾರಿ ನಕ್ಷೆಯಿಂದ ಹೊರಬರುವುದು. ಅದನ್ನು ಮುಂದೆ ಹೇಳುತ್ತೇನೆ.

ಒಳಗಿದ್ದರೂ ಎಲ್ಲ ಮಾಫಿ ಎಂದುಕೊಳ್ಳಬೇಡಿ. ಮನೆಯ ಸುತ್ತ ಅರ್ಧ ಎಕರೆಯವರೆಗೆ ಹಣ ಹಾಕಬಹುದು. ಕೃಷಿಗೆ ಸೇರದ ಬೇರೆ ಕಟ್ಟಡಕ್ಕೂ ಅದೇ ಅರ್ಧ ಎಕರೆ ನಿಯಮ. ನಿಮ್ಮ ಯಜಮಾನರ ಮರಗೆಲಸದ ಶೆಡ್ ಇಲ್ಲಿ ಸಿಕ್ಕಿಕೊಳ್ಳಬಹುದು. ಅದು ಮನೆಯ ಅರ್ಧ ಎಕರೆಯೊಳಗೇ ಬರುತ್ತದೆ ಎಂದು ಅಳತೆ ಸಮೇತ ತೋರಿಸಿದರೆ ಎರಡನೇ ಅರ್ಧ ಎಕರೆಯ ಮಾತು ಬರುವುದಿಲ್ಲ. ಹಳೇ ಕೊಟ್ಟಿಗೆಯಲ್ಲಿ ಡೈರಿಯವರ ಹುಲ್ಲೋ ಯಂತ್ರವೋ ಇದ್ದು, ನಲ್ಲಿ ಸಂಪರ್ಕ ಇಲ್ಲದಿದ್ದರೆ ಅದಕ್ಕೆ ಹಣವಿಲ್ಲ. ಕೃಷಿ ಕಟ್ಟಡ ನೇರವಾಗಿ ಆ ಸೌಲಭ್ಯ ಪಡೆದಾಗ ಮಾತ್ರ ಕಟ್ಟಬೇಕು. ಆದರೆ ಅದರೊಳಗೆ ನಿಮ್ಮ ಹಳೇ ಕಾರು, ಪೀಠೋಪಕರಣ ತುಂಬಿದ್ದರೆ ಅದನ್ನು ಕೃಷಿ ಕಟ್ಟಡ ಎನ್ನುವುದು ಕಷ್ಟ ಅಲ್ವಾ?

ಇನ್ನೊಂದು ವಿಷಯ, ಗುತ್ತಿಗೆ. ಜಮೀನು ನಿಮ್ಮದಾದರೂ ಬೇಸಾಯ ಡೈರಿಯವರದು. ಬಾಯಿ ಮಾತಿನ ಮೇಲೆ ನಡೆಯುತ್ತಿದ್ದರೆ ಈಗಲೇ ಕಾಗದ ಮಾಡಿಕೊಳ್ಳಿ. ತೆರಿಗೆ ರಿಯಾಯಿತಿಗೆ ಸಾಮಾನ್ಯವಾಗಿ ಕನಿಷ್ಠ 7 ಎಕರೆ, ವರ್ಷಕ್ಕೆ ಸರಾಸರಿ 10,000 ಡಾಲರ್ ಮಾರಾಟ ಬೇಕು. ನಿಮ್ಮ ಹೊಲವೊಂದರಿಂದಲೇ ಅಷ್ಟು ಬರದಿದ್ದರೆ, ಅರ್ಹ ರೈತರ ಜೊತೆ ಕನಿಷ್ಠ ಐದು ವರ್ಷದ ಲಿಖಿತ ಗುತ್ತಿಗೆ ಇದ್ದಾಗ ಅವರ ಲೆಕ್ಕದ ಜೊತೆ ಸೇರುತ್ತದೆ. ಹಿಯರಿಂಗ್‌ನಲ್ಲಿಯೂ ಇದು ಬೇಸಾಯದ ಭೂಮಿ ಎಂದು ತೋರಿಸಲು ಆ ಕಾಗದ ಸಾಕ್ಷಿ.

ಹಿಯರಿಂಗ್‌ನಲ್ಲಿ ಏನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನಕ್ಷೆಯ ಗೆರೆ ಬದಲಿಸಲು ಕೇಳುತ್ತೇನೆ. ಟೌನ್ ಬೋರ್ಡ್ ಡಿಸ್ಟ್ರಿಕ್ಟ್ ಮಾಡುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆಯಲೇಬೇಕು. ಒಳಗಿರುವ ಎಲ್ಲ ಆಸ್ತಿಗೂ ಅನುಕೂಲ ಆಗುತ್ತದೆಯೇ? ಅನುಕೂಲ ಆಗುವ ಎಲ್ಲ ಆಸ್ತಿಯೂ ಒಳಗಿದೆಯೇ? ನಿಮ್ಮ ವಾದ ಮೊದಲ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ನಮ್ಮ ಮನೆ ಮತ್ತು ಅರ್ಧ ಎಕರೆ ಒಳಗಿರಲಿ, ಹಿಂದಿನ ಹೊಲಕ್ಕೆ ಯಾವ ಅನುಕೂಲವೂ ಇಲ್ಲ, ಅದನ್ನು ಹೊರಗಿಡಿ ಎಂದು ಕೇಳಿ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಟ್ಟು ದಾಖಲೆಗೆ ಸೇರಿಸಿ. ಇದರಲ್ಲಿ ಒಂದು ನಷ್ಟ ಇದೆ. ಮುಂದೆ ಎಂದಾದರೂ ಆ ಹೊಲಕ್ಕೆ ನೀರು ಬೇಕಾದರೆ ಡಿಸ್ಟ್ರಿಕ್ಟನ್ನು ವಿಸ್ತರಿಸಬೇಕಾಗುತ್ತದೆ. ಅದರ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಎರಡನೆಯದಾಗಿ ಈ ಪ್ರಶ್ನೆ ಕೇಳಿ: ರಾಜ್ಯದ ಕೃಷಿ ಮತ್ತು ಮಾರುಕಟ್ಟೆ ಇಲಾಖೆಗೆ ನೋಟಿಸ್ ಆಫ್ ಇಂಟೆಂಟ್, ಅಂದರೆ ಇಂಥ ಕೆಲಸ ಮಾಡಲಿದ್ದೇವೆ ಎಂಬ ಮುಂಗಡ ತಿಳಿವಳಿಕೆ ಪತ್ರ, ಕೊಟ್ಟಿದ್ದೀರಾ? ಕೃಷಿ ವಲಯದೊಳಗೆ ಕೃಷಿಯಲ್ಲದ ಕಟ್ಟಡಗಳಿಗೆ ನೀರು, ಒಳಚರಂಡಿ ಒದಗಿಸಲು ಸಾರ್ವಜನಿಕ ಹಣ ಖರ್ಚು ಮಾಡುವ ಮೊದಲು ಟೌನ್ ಇದನ್ನು ಕೊಡಬೇಕು. ಇದರ ಅಂತಿಮ ನೋಟಿಸ್ ಕೆಲಸಕ್ಕೆ ಕನಿಷ್ಠ 65 ದಿನ ಮೊದಲು ಇಲಾಖೆ ತಲುಪಬೇಕು. ಸಣ್ಣ ಟೌನ್‌ಗಳಲ್ಲಿ ಇದನ್ನು ಮರೆಯುವುದುಂಟು. ನೀವು ಕೇಳಿದ ಪ್ರಶ್ನೆಯಿಂದ ಇಡೀ ಯೋಜನೆಯನ್ನು ಹೊಲಗಳ ದೃಷ್ಟಿಯಿಂದ ಇನ್ನೊಮ್ಮೆ ನೋಡುವ ಹಾಗಾಗಬಹುದು.

ಈ ನೋಟಿಸ್ ಯಾಕೆ ಇಟ್ಟಿದ್ದಾರೆ ಗೊತ್ತಾ? ಪೈಪು ಬಂದ ಕಡೆ ಮನೆಗಳು ಬರುತ್ತವೆ. ಒಳಚರಂಡಿ ಇಲ್ಲದ ಜಾಗದಲ್ಲಿ ಸೆಪ್ಟಿಕ್ ವ್ಯವಸ್ಥೆಗೆ ಮಣ್ಣು ಒಗ್ಗಬೇಕು, ಜಾಗ ಬೇಕು, ಆದ್ದರಿಂದ ಮನೆಗಳು ದೂರ ದೂರ ಇರುತ್ತವೆ. ಪೈಪು ಬಂದರೆ ಆ ತಡೆ ಹೋಗುತ್ತದೆ. ಹೊಲಕ್ಕೆ ಪೈಪಿನ ಹಣವನ್ನೂ ಹಾಕಿದರೆ, ಬೆಳೆಯಿಂದ ಅದನ್ನು ತೀರಿಸಲಾಗದೆ ರೈತ ನಿವೇಶನ ಮಾಡಿ ಮಾರುತ್ತಾನೆ. ಎಷ್ಟೋ ಒಳ್ಳೆಯ ಮಣ್ಣು ಹೀಗೆ ಹೋಗಿದೆ. ರೈತನಿಗೆ ಮಾರುವ ಮನಸ್ಸೇ ಇರಲಿಲ್ಲ, ಬಿಲ್ಲು ಮಾರಿಸಿತು. ಇದನ್ನು ತಡೆಯಲು ಇಲಾಖೆ ಕೆಲವು ಸಲ ಷರತ್ತು ಹಾಕಿಸುತ್ತದೆ. ವಲಯದೊಳಗೆ ಹಾದುಹೋಗುವ ಪೈಪಿನಿಂದ ಹೊಸದಾಗಿ ಬರುವ, ಕೃಷಿಯಲ್ಲದ ಕಟ್ಟಡಗಳಿಗೆ ಸಂಪರ್ಕ ಕೊಡಬಾರದು ಎಂದು. ಲ್ಯಾಟರಲ್ ರಿಸ್ಟ್ರಿಕ್ಷನ್ ಎನ್ನುತ್ತಾರೆ. ನಿಮಗೆ ಇದು ಎರಡು ಅಲಗಿನ ಕತ್ತಿ. ಹೊಲ ಹೊಲವಾಗಿ ಉಳಿಯುತ್ತದೆ. ಆದರೆ ಮುಂದೆ ಮಗಳಿಗೆಂದು ಮೂಲೆಯಲ್ಲಿ ಒಂದು ಮನೆ ಕಟ್ಟಬೇಕೆಂದರೆ ಪೈಪು ಕಣ್ಣೆದುರಿಗಿದ್ದರೂ ಸಂಪರ್ಕ ಸಿಗದೇ ಹೋಗಬಹುದು. ಅಂಥ ಯೋಚನೆ ಇದ್ದರೆ ಈಗಲೇ ಕೇಳಿ ತಿಳಿದುಕೊಳ್ಳಿ.

ಪಕ್ಕದ ಡೈರಿಯವರನ್ನೂ ಒಂದು ಮಾತು ಕೇಳಿ. ಅವರಿಗೆ ನೀರು ಬೇಕಿರಬಹುದು. ಹಾಲು ಕೊಡುವ ಒಂದು ಹಸು ದಿನಕ್ಕೆ 30ರಿಂದ 50 ಗ್ಯಾಲನ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಬಾವಿ ಕೈಕೊಟ್ಟರೆ ಟೌನ್ ನೀರು ದೊಡ್ಡ ಆಸರೆ. ಅವರು ಸಂಪರ್ಕ ತೆಗೆದುಕೊಂಡರೆ ಬಳಸಿದ್ದಕ್ಕೆ ಹಣ ಕಟ್ಟುತ್ತಾರೆ, ಅದು ನ್ಯಾಯ. ಟೌನ್‌ಗೂ ಒಬ್ಬ ದೊಡ್ಡ ಗ್ರಾಹಕ ಸಿಕ್ಕಂತಾಗುತ್ತದೆ. ಹಿಯರಿಂಗ್‌ನಲ್ಲಿ ಇಬ್ಬರೂ ಒಟ್ಟಿಗೆ ಹೋದರೆ ಬೋರ್ಡ್ ಕಿವಿಗೊಡುತ್ತದೆ.

ಬೋರ್ಡ್ ಏನೂ ಕೇಳದೆ ಮುಂದೆ ಹೋದರೆ? ಬೋರ್ಡ್ ತಾನಾಗಿಯೇ ಹೊರಡಿಸಿದ ಯೋಜನೆಯಾದರೆ, ಆದೇಶ ಬಂದ 30 ದಿನದೊಳಗೆ ಮತಕ್ಕೆ ಹಾಕಿ ಎಂದು ಮನವಿ ಕೊಡಬಹುದು. ಡಿಸ್ಟ್ರಿಕ್ಟ್‌ನೊಳಗಿನ ತೆರಿಗೆ ಕಟ್ಟುವ ಆಸ್ತಿ ಮಾಲೀಕರಲ್ಲಿ ಶೇಕಡಾ 5 ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಸಹಿ ಸಾಕು. ನಾನು ಇದನ್ನು ಕೊನೆಯ ದಾರಿ ಎನ್ನುತ್ತೇನೆ. ಬಾವಿ ಕೆಟ್ಟವರ ಮನೆಗೆ ನೀರು ಬರುವುದನ್ನೇ ನೀವು ನಿಲ್ಲಿಸಿದಂತಾದರೆ ಆ ರಸ್ತೆಯಲ್ಲಿ ಬಾಳುವುದು ಕಷ್ಟ. ನಿಮ್ಮ ಹೊಲದ ಮೇಲೆ ತಪ್ಪಾಗಿ ಹಣ ಹಾಕಿದ್ದರೆ ಅದೊಂದನ್ನೇ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅದರ ಗಡುವು ಬಹಳ ಚಿಕ್ಕದು. ಪುರಸಭೆ ವಿಷಯ ಗೊತ್ತಿರುವ ಒಬ್ಬ ವಕೀಲರನ್ನು ಹಿಯರಿಂಗ್‌ಗೆ ಮೊದಲೇ ನೋಡಿಟ್ಟುಕೊಳ್ಳಿ.

ಇನ್ನು ಮಾರುವ ವಿಷಯ. ಕೃಷಿಗೇ ಮಾರಿದರೆ ತೊಂದರೆ ಇಲ್ಲ. ಮನೆ ಕಟ್ಟುವವರಿಗೆ ಮಾರಿ ಅವರು ಬೇಸಾಯ ನಿಲ್ಲಿಸಿದರೆ, ರಿಯಾಯಿತಿ ಪಡೆದ ಜಮೀನಿಗೆ ದಂಡ ಬೀಳುತ್ತದೆ. ಕೊನೆಯ ವರ್ಷ ಉಳಿಸಿದ ತೆರಿಗೆಯ ಐದು ಪಟ್ಟು, ಅದರ ಮೇಲೆ ವರ್ಷಕ್ಕೆ ಶೇಕಡಾ 6ರಂತೆ ಚಕ್ರಬಡ್ಡಿ, ಐದು ವರ್ಷದವರೆಗೆ. ಕೊನೆಯ ವರ್ಷ 800 ಡಾಲರ್ ಉಳಿಸಿದ್ದರೆ 4,000 ಮತ್ತು ಬಡ್ಡಿ. ಮಾರಾಟದ ಮಾತುಕತೆಯಲ್ಲಿ ಇದನ್ನು ಯಾರು ಕಟ್ಟುವುದು ಎಂದು ಬರೆಯದೆ ಬಿಟ್ಟು ಆಮೇಲೆ ಜಗಳವಾದದ್ದನ್ನು ನೋಡಿದ್ದೇನೆ. ಇನ್ನೂ ಹಾಕಿಯೇ ಇಲ್ಲದ ಒಂದು ಬಿಲ್ಲಿಗೆ ಹೆದರಿ 42 ಎಕರೆ ಬಿಡುವುದು ಈಗ ಬೇಡ ಎಂದು ನನಗೆ ಅನಿಸುತ್ತದೆ.

ಒಂದು ವೇಳೆ ಪೈಪನ್ನು ರಸ್ತೆ ಬದಿ ಬಿಟ್ಟು ನಿಮ್ಮ ಹೊಲದೊಳಗೆ ಹಾಯಿಸುತ್ತೇವೆ, ಸಹಿ ಹಾಕಿ ಎಂದು ಬಂದರೆ ಅವಸರ ಮಾಡಬೇಡಿ. ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಕೊನೆಗೆ ಮೇಲೆಯೇ ಹಾಕಬೇಕು, ನೆಲದಡಿ ನೀರು ಬಸಿಯುವ ಕೊಳವೆಗಳು ಒಡೆದರೆ ಸರಿಮಾಡಿಕೊಡಬೇಕು, ನೇಗಿಲಿಗೆ ತಾಗದಷ್ಟು ಆಳ ಇರಬೇಕು ಎಂದು ಬರೆಸಿಕೊಳ್ಳಿ. ಬಸಿಗೊಳವೆ ಎಲ್ಲಿದೆ ಎಂದು ಡೈರಿಯವರಿಗೆ ಗೊತ್ತಿರುತ್ತದೆ. ಸಹಿ ಹಾಕುವ ಮೊದಲು ಅವರ ಜೊತೆ ಒಮ್ಮೆ ಹೊಲ ಸುತ್ತಿ, ಗೂಟ ನೆಟ್ಟು ಗುರುತು ಮಾಡಿಸಿ. ಕೌಂಟಿಯಿಂದ ವಲಯದ ಬಗ್ಗೆ ಉತ್ತರ ಬಂದ ಕೂಡಲೇ ಅದನ್ನೂ, ಟೌನ್ ಕಳಿಸಿದ ನಕ್ಷೆಯನ್ನೂ ನನಗೆ ಕಳಿಸಿ. ಅರ್ಧ ಎಕರೆಯ ಗೆರೆ ಎಲ್ಲಿ ಎಳೆಯಬೇಕು ಎಂದು ಅಳತೆ ಹಾಕಿ ಕೊಡುತ್ತೇನೆ. ಹಿಯರಿಂಗ್‌ನಲ್ಲಿ ಕೊಡುವ ಕಾಗದಕ್ಕೆ ಅದನ್ನು ಲಗತ್ತಿಸಬಹುದು.